ಬಿಸಿಲ ನಾಡಿನಲ್ಲಿ ಬರ್ನ್‌ಔಟ್: ಕೆಲಸಕ್ಕೆ ಗೆರೆ ಎಲ್ಲಿ ಎಳೆಯಬೇಕು, ಹೇಗೆ ಎಳೆಯಬೇಕು

ಏಪ್ರಿಲ್ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ಬಾಗಿಲು ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರ, ಬಾಗಲಕೋಟೆಗೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹೀಗೆ ಸಮಯ ಬದಲಿಸುವುದು ಸರ್ಕಾರದ ರೂಢಿ. ನರೇಗಾ ಕೂಲಿಯವರಿಗೂ ಬೇಸಿಗೆಯಲ್ಲಿ ಕೆಲಸದ ಅಳತೆಯಲ್ಲಿ ರಿಯಾಯಿತಿ ಸಿಗುತ್ತಾ ಬಂದಿದೆ. ಇದನ್ನು ನೋಡಿ ಯಾರೂ ನಮ್ಮನ್ನು ಮೈಗಳ್ಳರು ಅನ್ನಲ್ಲ. 42 ಡಿಗ್ರಿ ಬಿಸಿಲಿನಲ್ಲಿ ಮನುಷ್ಯನ ಮೈ ಇಷ್ಟೇ ತಡೆಯೋದು ಅಂತ ಎಲ್ಲರಿಗೂ ಗೊತ್ತು.

ಮನಸ್ಸಿನ ವಿಷಯಕ್ಕೆ ಬಂದಾಗ ಮಾತ್ರ ಈ ಲೆಕ್ಕ ಮರೆತುಬಿಡುತ್ತೇವೆ. ರಾತ್ರಿ ಹತ್ತಕ್ಕೆ ಸಾಹೇಬರ ಮೆಸೇಜು ಬಂದರೆ ಎದ್ದು ಕೂತು ಉತ್ತರ ಬರೆಯುತ್ತೇವೆ. ಭಾನುವಾರವೂ ಪಟ್ಟಿ ಕಳಿಸುತ್ತೇವೆ. ಬದಲಿ ಆಳು ಬರಲಿಲ್ಲ ಅಂತ ಎರಡು ಪಾಳಿ ಸೇರಿಸಿ ಮಾಡುತ್ತೇವೆ. "ಆಯ್ತ್ರಿ ಸರ್, ಮಾಡ್ತೀನಿ" ಅನ್ನುವುದು ಬಾಯಿಗೆ ರೂಢಿಯಾಗಿಬಿಟ್ಟಿದೆ. ಹೀಗೇ ತಿಂಗಳುಗಳು ಕಳೆದ ಮೇಲೆ ಒಂದು ದಿನ ಬೆಳಿಗ್ಗೆ ಬ್ಯಾಗು ಹೆಗಲಿಗೆ ಹಾಕಿಕೊಳ್ಳಲೂ ಕೈ ಬರಲ್ಲ. ಆಗ ನಮ್ಮನ್ನೇ ನಾವು ಬೈದುಕೊಳ್ಳುತ್ತೇವೆ. ಎಲ್ಲರೂ ಮಾಡ್ತಾರೆ, ನನಗೊಬ್ಬನಿಗೇ ಏನಾಗಿದೆ ಅಂತ.

ಹಾಗೆ ಬೈದುಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸಕ್ಕೆ ಗೆರೆ ಎಳೆಯಲು ದೊಡ್ಡ ಧೈರ್ಯ ಬೇಕು ಅಂತ ನಾವು ಅಂದುಕೊಂಡಿದ್ದೇವೆ. ನನ್ನ ಪ್ರಕಾರ ಅದಕ್ಕೆ ಬೇಕಿರುವುದು ಏರ್ಪಾಡು. ಮುಂಚೆಯೇ ಮಾತಾಡಿಟ್ಟುಕೊಂಡರೆ ಬಾಯಿಲ್ಲದವರೂ ಗೆರೆ ಉಳಿಸಿಕೊಳ್ಳಬಹುದು. ಆ ಹೊತ್ತಿಗೆ ನೋಡಿಕೊಳ್ಳೋಣ ಅಂದರೆ ಎಂಥ ಗಟ್ಟಿಗರಿಗೂ ಕಷ್ಟ.

ದಣಿವು ಬೇರೆ, ಬರ್ನ್‌ಔಟ್ ಬೇರೆ

ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಬರ್ನ್‌ಔಟ್ ಎಂಬ ಈ ಸ್ಥಿತಿಯ ಬಗ್ಗೆ ಬರೆದರು. ಅವರು ನೋಡಿದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು. ಆಸೆಪಟ್ಟು, ಮನಸ್ಸಿಟ್ಟು ಬಂದವರು ಕಾಲ ಕಳೆದಂತೆ ಬತ್ತಿಹೋಗುತ್ತಿದ್ದರು, ಸಣ್ಣದಕ್ಕೂ ಸಿಡುಕುತ್ತಿದ್ದರು. ಗಮನಿಸಿ, ಸೋಮಾರಿಗಳ ಕಥೆಯಲ್ಲ ಇದು. ಮೊದಲು ಸುಟ್ಟುಕೊಳ್ಳುವುದು ಮನಸ್ಸಿಟ್ಟು ಮಾಡುವವರೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೊಂದು ಸ್ಪಷ್ಟ ವಿವರಣೆ ಕೊಟ್ಟಿತು. ಅದು ಇರುವ ಐಸಿಡಿ-11, ಅಂದರೆ ಕಾಯಿಲೆಗಳನ್ನೂ ಆರೋಗ್ಯದ ಇತರ ಸ್ಥಿತಿಗಳನ್ನೂ ವಿಂಗಡಿಸುವ ಸಂಸ್ಥೆಯ ಪಟ್ಟಿ, 2022ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಬರ್ನ್‌ಔಟ್ ಕಾಯಿಲೆಯಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ಇದ್ದ ಒತ್ತಡವನ್ನು ಸರಿಯಾಗಿ ನಿಭಾಯಿಸದೇ ಹೋದಾಗ ಬರುವ ಸ್ಥಿತಿ. ಅದಕ್ಕೆ ಮೂರು ಗುರುತು. ಶಕ್ತಿಯೆಲ್ಲ ಬಸಿದುಹೋದ ಹಾಗೆ ಅನಿಸುವುದು ಮೊದಲನೆಯದು. ಕೆಲಸದಿಂದ ಮನಸ್ಸು ದೂರ ಸರಿದು, ಅದರ ಮೇಲೆ ಜಿಗುಪ್ಸೆ ಹುಟ್ಟುವುದು ಎರಡನೆಯದು. ಮಾಡುವ ಕೆಲಸ ಕೈಗೆ ಹತ್ತದೆ ಹೋಗುವುದು ಮೂರನೆಯದು.

ಮೊದಲನೆಯದು ಎಲ್ಲರಿಗೂ ಅರ್ಥವಾಗುತ್ತದೆ. ಎರಡನೆಯದನ್ನು ನಾವು ಗುರುತಿಸುವುದೇ ಇಲ್ಲ. ಜಿಲ್ಲಾ ಆಸ್ಪತ್ರೆಯ ವಾರ್ಡಿನಲ್ಲಿ "ಅಜ್ಜಾ, ಊಟ ಆಯ್ತಾ?" ಅಂತ ಕೇಳುತ್ತಿದ್ದ ನರ್ಸ್ ಒಬ್ಬರು ಈಗ "ಹನ್ನೆರಡನೇ ಬೆಡ್ಡಿನದು" ಅಂತಷ್ಟೇ ಹೇಳುತ್ತಾರೆ ಅನ್ನಿ. ಪಕ್ಕದಲ್ಲಿದ್ದವರಿಗೆ ಅದು ಸೊಕ್ಕು ಅನಿಸುತ್ತದೆ. ಮಕ್ಕಳ ಹೆಸರು ಹಿಡಿದು ಕರೆಯುತ್ತಿದ್ದ ಮೇಷ್ಟ್ರು "ಏ, ಆ ಕಡೇ ಬೆಂಚು" ಅನ್ನಲು ಶುರುಮಾಡಿದರೂ ಹಾಗೇ. ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಜನರಿಂದ ಹಿಂದೆ ಸರಿಯುತ್ತಿರುತ್ತದೆ. ನಿಮ್ಮ ಜೊತೆ ಕೆಲಸ ಮಾಡುವ ಒಳ್ಳೆಯವರೊಬ್ಬರು ಇದ್ದಕ್ಕಿದ್ದಂತೆ ಒರಟಾದರೆ ಬೈಯುವ ಮೊದಲು ಅವರ ಡ್ಯೂಟಿ ಪಟ್ಟಿ ನೋಡಿ.

ಬರೀ ದಣಿವಾದರೆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ, ಊರಿಗೆ ಹೋಗಿ ಬಂದರೆ ಇಳಿಯುತ್ತದೆ. ಬರ್ನ್‌ಔಟ್ ಹಾಗೆ ಇಳಿಯಲ್ಲ. ರಜೆ ಮುಗಿಸಿ ಬಂದ ಮೊದಲ ದಿನವೇ ಮತ್ತೆ ಅದೇ ಭಾರ. ಭಾನುವಾರ ಸಂಜೆ ಆದಂತೆ ಹೊಟ್ಟೆಯಲ್ಲಿ ಕಸಿವಿಸಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿದ್ದು ನಮ್ಮ ಭಾಗದವರು ಯಾರೂ ಮರೆತಿಲ್ಲ. ಕಿತ್ತುಹೋದದ್ದು ಒಂದು ರಾತ್ರಿ, ಸವೆದದ್ದು ಎಷ್ಟೋ ವರ್ಷ. ಬರ್ನ್‌ಔಟ್ ಆದವರೂ "ಅವತ್ತು ಆ ಮೀಟಿಂಗ್‌ನಲ್ಲಿ ಬೈದರು, ಅದಕ್ಕೇ ಹೀಗಾಯ್ತು" ಅಂತ ಒಂದು ದಿನವನ್ನು ತೋರಿಸುತ್ತಾರೆ. ಆ ದಿನಕ್ಕಿಂತ ಹಿಂದಿನ ತಿಂಗಳುಗಳನ್ನು ನೋಡಬೇಕು.

ಇದು ಬರೀ ಮನಸ್ಸಿಗೆ ನಿಲ್ಲುವ ವಿಷಯವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಒಂದು ಲೆಕ್ಕ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ನಿಮ್ಮ ವಾರದ ಗಂಟೆ ಎಷ್ಟು ಅಂತ ಒಮ್ಮೆ ಬೆರಳು ಮಡಿಸಿ ಎಣಿಸಿ. ಹೋಗಿ ಬರುವ ದಾರಿಯ ಹೊತ್ತನ್ನು ಬಿಟ್ಟು ಎಣಿಸಿದರೂ ಹಲವರದು 55 ದಾಟುತ್ತದೆ.

ಯಾರು ಜಾಸ್ತಿ ಸುಸ್ತಾಗುತ್ತಾರೆ

ಕೆಲಸ ಜಾಸ್ತಿ ಇದ್ದವರಿಗೆಲ್ಲ ಬರ್ನ್‌ಔಟ್ ಆಗಲ್ಲ. ಅಂಗಡಿ ಮಾಲೀಕ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಕೂತರೂ ನಗುತ್ತಾ ಇರಬಹುದು. ಅದೇ ಅಂಗಡಿಯ ಹುಡುಗ ಒಣಗಿಹೋಗಿರಬಹುದು. ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ಇದನ್ನು ಸರಳವಾಗಿ ವಿವರಿಸಿದರು. ಕೆಲಸದ ಒತ್ತಡ ಹೆಚ್ಚು, ಆದರೆ ಅದನ್ನು ಯಾವಾಗ, ಹೇಗೆ ಮಾಡಬೇಕು ಅನ್ನುವುದರ ಮೇಲೆ ಹಿಡಿತ ಕಡಿಮೆ. ಈ ಎರಡೂ ಸೇರಿದ ಕಡೆ ಮನುಷ್ಯ ಬೇಗ ಸೋಲುತ್ತಾನೆ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ಬಹಳ ವರ್ಷ ನಡೆದ ವೈಟ್‌ಹಾಲ್ ಅಧ್ಯಯನಗಳಲ್ಲೂ ಇದೇ ಕಂಡಿತು. ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ತೊಂದರೆ ಜಾಸ್ತಿ.

ಬಳ್ಳಾರಿಯ ಜೀನ್ಸ್ ಹೊಲಿಯುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗುವವರು, ಹಟ್ಟಿಯಲ್ಲಿ ಗಣಿಗೆ ಇಳಿಯುವವರು, ಗಂಗಾವತಿಯ ಅಕ್ಕಿ ಗಿರಣಿಯ ಹಮಾಲರು, ಹಳ್ಳಿ ಸುತ್ತುವ ಆಶಾ ಕಾರ್ಯಕರ್ತೆಯರು. ಇವರೆಲ್ಲರ ಕೆಲಸ ಬೇರೆ ಬೇರೆ. ಆದರೆ ತಮ್ಮ ದಿನ ಯಾವಾಗ ಮುಗಿಯುತ್ತದೆ ಅನ್ನುವುದು ಹೆಚ್ಚಿನವರ ಕೈಯಲ್ಲಿಲ್ಲ. ಹಾಗಾಗಿ ಗೆರೆ ಎಳೆಯುವುದೆಂದರೆ ನನ್ನ ಪ್ರಕಾರ ಕಳೆದುಹೋದ ಹಿಡಿತದಲ್ಲಿ ಒಂದು ತುಂಡನ್ನಾದರೂ ವಾಪಸು ಪಡೆಯುವುದು. ದೊಡ್ಡ ತುಂಡೇ ಆಗಬೇಕೆಂದಿಲ್ಲ.

ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿಯನ್ನು 1981ರಲ್ಲಿ ಸಹಲೇಖಕಿಯೊಂದಿಗೆ ಪ್ರಕಟಿಸಿದ ಮನೋವಿಜ್ಞಾನಿ ಕ್ರಿಸ್ಟೀನಾ ಮಾಸ್ಲಾಕ್ ಇನ್ನೂ ಕೆಲವು ಕಾರಣ ಸೇರಿಸುತ್ತಾರೆ. ದುಡಿದದ್ದಕ್ಕೆ ತಕ್ಕ ಮನ್ನಣೆ ಇಲ್ಲದಿರುವುದು, ಅನ್ಯಾಯ, ಜೊತೆಗಾರರ ನಡುವೆ ಒಡಕು, ಮನಸ್ಸು ಒಪ್ಪದ ಕೆಲಸ ಮಾಡಬೇಕಾಗಿ ಬರುವುದು. ಇವುಗಳಲ್ಲಿ ಎಷ್ಟೋ ನೌಕರನೊಬ್ಬನೇ ಸರಿಮಾಡುವಂಥವಲ್ಲ. ಬೆಳಿಗ್ಗೆ ಧ್ಯಾನ ಮಾಡಿ, ನೀರು ಕುಡಿಯಿರಿ ಅಂತ ಸುಮ್ನೆ ಬುದ್ಧಿವಾದ ಹೇಳುವವರು ಇದನ್ನು ಮರೆಯುತ್ತಾರೆ. ಧ್ಯಾನ ಒಳ್ಳೆಯದೇ. ಆದರೆ ಇಬ್ಬರು ಮಾಡುವ ಕೆಲಸವನ್ನು ಒಬ್ಬರ ತಲೆಗೆ ಕಟ್ಟಿದರೆ ಧ್ಯಾನ ಅದನ್ನು ಒಬ್ಬರ ಕೆಲಸ ಮಾಡಿಕೊಡಲ್ಲ.

"ಕಾಯಕವೇ ಕೈಲಾಸ ಅಲ್ವಾ?"

ಗೆರೆಯ ಮಾತೆತ್ತಿದರೆ ನಮ್ಮ ಕಡೆ ಹಿರಿಯರು ತಕ್ಷಣ ಕೇಳುವ ಪ್ರಶ್ನೆ ಇದು. ಗೌರವದಿಂದಲೇ ಉತ್ತರ ಹೇಳಬೇಕಾದ ಪ್ರಶ್ನೆ. ಈ ಮಾತು ಆಯ್ದಕ್ಕಿ ಮಾರಯ್ಯನ ವಚನದಲ್ಲಿ ಬರುತ್ತದೆ. ಮಾರಯ್ಯ, ಲಕ್ಕಮ್ಮ ದಂಪತಿ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಅಂತ ಪ್ರತೀತಿ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ.

ಅವರ ಮನೆಯ ಇನ್ನೊಂದು ಪ್ರಸಂಗವೂ ಅಷ್ಟೇ ಪ್ರಸಿದ್ಧ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಮೆಚ್ಚಲಿಲ್ಲ. ಇಷ್ಟು ಯಾಕೆ ಬೇಕು ಅಂತ ಕೇಳಿ, ಹೆಚ್ಚಿಗೆ ಬಂದದ್ದನ್ನು ಅಲ್ಲಿಗೇ ಸುರಿದು ಬಾ ಅಂತ ವಾಪಸು ಕಳಿಸಿದಳು. ಕಾಯಕವನ್ನು ಕೈಲಾಸ ಅಂದ ಮನೆಯಲ್ಲೇ ಅದಕ್ಕೊಂದು ಅಳತೆಯೂ ಇತ್ತು. ಲಕ್ಕಮ್ಮ ಬೇಡ ಅಂದದ್ದು ಅಕ್ಕಿಯ ಆಸೆಯನ್ನು, ನಾನು ಮಾತಾಡುತ್ತಿರುವುದು ದುಡಿಮೆಯ ಹೊತ್ತನ್ನು ಕುರಿತು. ಎರಡೂ ಒಂದೇ ಅಂತ ಹೇಳಲ್ಲ. ಆದರೆ ಅಳತೆ ಮೀರಿದ್ದಕ್ಕೆಲ್ಲ ಕಾಯಕದ ಹೆಸರು ಕೊಡುವುದು ಆ ದಂಪತಿಗೆ ಒಪ್ಪಿಗೆಯಾಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಇಲ್ಲ ಅನ್ನದೆ ಗೆರೆ ಎಳೆಯುವುದು

ಮೇಲಿನವರಿಗೆ "ಆಗಲ್ಲ" ಅನ್ನುವುದು ನಮ್ಮಲ್ಲಿ ಸುಲಭವಲ್ಲ. ಹಾಗೆ ಅನ್ನಿ ಅಂತ ನಾನೂ ಹೇಳಲ್ಲ. ಬದಲಿಗೆ ಆಯ್ಕೆಯನ್ನು ಅವರ ಮುಂದಿಡಿ. "ಸರ್, ಇದನ್ನ ಇವತ್ತೇ ಮಾಡ್ತೀನಿ. ಆದರೆ ಈಗ ಕೈಲಿರೋ ಪಟ್ಟಿ ನಾಳೆಗೆ ಹೋಗುತ್ತೆ. ಯಾವುದು ಮೊದಲು ಬೇಕು ಹೇಳಿ." ಈ ಮಾತಿನಲ್ಲಿ ಎದುರಾಡಿದ್ದು ಏನೂ ಇಲ್ಲ. ಆದರೆ ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಕೆಲಸ ಇದೆ ಅನ್ನುವುದು ಅವರ ಕಣ್ಣಿಗೆ ಬೀಳುತ್ತದೆ. ಎಷ್ಟೋ ಸಲ ಮೇಲಿನವರಿಗೆ ಅದು ಗೊತ್ತೇ ಇರಲ್ಲ. "ಹಾಗಾದ್ರೆ ನಾಳೆ ಮಾಡ್ರಿ" ಅಂದುಬಿಡುತ್ತಾರೆ.

ಹೊತ್ತು ಹೇಳುವುದು ಇನ್ನೊಂದು. "ನೋಡ್ತೀನಿ ಸರ್" ಅಂದರೆ ಕೇಳಿದವರಿಗೆ ರಾತ್ರಿಯೇ ಬರುತ್ತದೆ ಅಂತ ಅರ್ಥ. "ನಾಳೆ ಹನ್ನೊಂದು ಗಂಟೆಗೆ ಕಳಿಸ್ತೀನಿ" ಅಂದರೆ ಇಬ್ಬರಿಗೂ ನೆಮ್ಮದಿ. ಹೇಳಿದ ಮೇಲೆ ಹನ್ನೊಂದಕ್ಕೆ ಕಳಿಸಲೇಬೇಕು. ಮಾತು ಉಳಿಸಿಕೊಳ್ಳುವವರ ಗೆರೆಯನ್ನು ಜನ ಗೌರವಿಸುತ್ತಾರೆ.

ಫೋನಿನ ವಿಷಯಕ್ಕೆ ಬರೋಣ. ಈಗಿನ ಬರ್ನ್‌ಔಟ್‌ನ ಅರ್ಧ ಪಾಲು ವಾಟ್ಸ್‌ಆ್ಯಪ್ ಗುಂಪುಗಳದ್ದು ಅನ್ನುವಷ್ಟು ಅದು ನಮ್ಮ ಮನೆಯೊಳಗೆ ಬಂದುಬಿಟ್ಟಿದೆ. ನನ್ನ ಪರಿಚಯದ ಒಬ್ಬ ಶಿಕ್ಷಕಿ ಕೊಪ್ಪಳ ಜಿಲ್ಲೆಯ ಹಳ್ಳಿ ಶಾಲೆಯೊಂದರಲ್ಲಿದ್ದಾರೆ. ಶಾಲೆಯದೊಂದು ಗುಂಪು, ಕ್ಲಸ್ಟರ್‌ನದೊಂದು, ಬಿಸಿಯೂಟದ್ದೊಂದು, ಪೋಷಕರದೊಂದು. ಹಾಜರಾತಿ, ಸಮವಸ್ತ್ರದ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೊ, ಇನ್ನೊಂದು ಫೋಟೊ. ರೊಟ್ಟಿ ಬಡಿಯುವಾಗಲೂ ಫೋನು ಹಿಟ್ಟಿನ ಪರಾತದ ಪಕ್ಕದಲ್ಲೇ ಇರುತ್ತಿತ್ತು. ಪರದೆಯ ಮೇಲೆ ಹಿಟ್ಟಿನ ಬೆರಳಚ್ಚು ಒಣಗಿ ಅಂಟಿರುತ್ತಿತ್ತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅವರು ಗುಂಪಿನಲ್ಲಿ ಹೀಗೆ ಬರೆದರು: "ಎಲ್ಲರಿಗೂ ನಮಸ್ಕಾರ. ಸಂಜೆ 7ರ ನಂತರ ಮನೆ ಕೆಲಸದಲ್ಲಿ ಇರುವುದರಿಂದ ಗುಂಪು ನೋಡಲು ಆಗುವುದಿಲ್ಲ. ಬೆಳಿಗ್ಗೆ 8ಕ್ಕೆ ಎಲ್ಲ ಮೆಸೇಜು ನೋಡಿ ಉತ್ತರಿಸುತ್ತೇನೆ. ತುರ್ತು ಇದ್ದರೆ ದಯವಿಟ್ಟು ಫೋನ್ ಮಾಡಿ, ಖಂಡಿತ ಎತ್ತುತ್ತೇನೆ." ಇಷ್ಟೇ. ಗುಂಪುಗಳನ್ನು ಮ್ಯೂಟ್ ಮಾಡಿದರು. ಫೋನಿನಲ್ಲಿ 'ಡು ನಾಟ್ ಡಿಸ್ಟರ್ಬ್' ಹಾಕಿ, ಕರೆಗಳು ಮಾತ್ರ ಬರುವ ಹಾಗೆ ಇಟ್ಟುಕೊಂಡರು.

ಈ ಸಂದೇಶದ ಬಲ ಇರುವುದು ಕೊನೆಯ ಸಾಲಿನಲ್ಲಿ. ತುರ್ತಿಗೆ ಒಂದು ಬಾಗಿಲು ತೆರೆದಿಟ್ಟರೆ ಉಳಿದದ್ದನ್ನೆಲ್ಲ ಮುಚ್ಚಬಹುದು. ಮೆಸೇಜು ಹಾಕಲು ಯಾರೂ ಯೋಚಿಸಲ್ಲ. ಫೋನ್ ಮಾಡಬೇಕಾದರೆ "ಇದು ಈಗಲೇ ಬೇಕಾ?" ಅಂತ ಒಂದು ಕ್ಷಣ ಯೋಚಿಸುತ್ತಾರೆ. ಅರ್ಜೆಂಟ್ ಅಂತ ಬರೆದ ಮೆಸೇಜುಗಳಲ್ಲಿ ಹೆಚ್ಚಿನವಕ್ಕೆ ಫೋನ್ ಬರಲೇ ಇಲ್ಲ. ಬೆಳಿಗ್ಗೆ 8ಕ್ಕೆ ಉತ್ತರ ಹೋದರೂ ಏನೂ ಕೆಡಲಿಲ್ಲ.

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕದಿಂದ ದೂರ ಇರುವ ಹಕ್ಕನ್ನು ಕಾನೂನೇ ಕೊಟ್ಟಿದೆ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೂ ಆ ಶಿಕ್ಷಕಿಯ ಹಾಗೆ ಮಾತಿನಲ್ಲೇ ಏರ್ಪಾಡು ಮಾಡಿಕೊಳ್ಳಬೇಕು.

ಕೆಲಸ ಬಿಟ್ಟು ಬಂದರೂ ತಲೆ ಬಿಡುವುದಿಲ್ಲ ಅನ್ನುವವರಿಗೆ ಒಂದು ಮಾತು. ಅರ್ಧಕ್ಕೆ ನಿಂತ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಹೊರಡುವುದಕ್ಕೆ ಮೊದಲಿನ ಹತ್ತು ನಿಮಿಷದಲ್ಲಿ ಎಲ್ಲಿಗೆ ನಿಲ್ಲಿಸಿದ್ದೀರಿ, ನಾಳೆ ಮೊದಲು ಏನು ಮಾಡಬೇಕು ಅಂತ ಚೀಟಿಯಲ್ಲಿ ಬರೆದಿಟ್ಟು ಬನ್ನಿ. ಚೀಟಿಗೆ ಇಳಿಸಿದ್ದನ್ನು ತಲೆ ಸ್ವಲ್ಪ ಮಟ್ಟಿಗೆ ಬಿಟ್ಟುಕೊಡುತ್ತದೆ.

ಸಣ್ಣ ಊರಿನ ಕಷ್ಟವೊಂದಿದೆ. ಬೆಂಗಳೂರಿನಲ್ಲಿ ಕಚೇರಿ ಬಿಟ್ಟ ಮೇಲೆ ಸಾಹೇಬರು ಎದುರಾಗುವುದು ಅಪರೂಪ. ನಮ್ಮಲ್ಲಿ ಅವರು ಅದೇ ಓಣಿಯಲ್ಲಿರುತ್ತಾರೆ, ಅದೇ ಮದುವೆಗೆ ಬರುತ್ತಾರೆ. ಗವಿಮಠದ ಜಾತ್ರೆಯಲ್ಲಿ ತೇರಿನ ಮುಂದೆ ನಿಂತಾಗಲೂ "ಆ ಫೈಲು ಏನಾಯ್ತ್ರಿ?" ಅಂತ ಕೇಳುತ್ತಾರೆ. ಮುಖ ತಿರುಗಿಸಲು ಆಗಲ್ಲ. "ಸೋಮವಾರ ಬಂದ ತಕ್ಷಣ ತೋರಿಸ್ತೀನಿ ಸರ್. ಅಮ್ಮನೋರು ಬಂದಿಲ್ವಾ?" ಅಂತ ಮಾತು ತಿರುಗಿಸಬಹುದು. ವಿನಯವೂ ಉಳಿಯಿತು, ಜಾತ್ರೆಯೂ ಉಳಿಯಿತು.

ಸಿ ಶಿಫ್ಟ್ ಮುಗಿಸಿ ಬಂದವರ ಹಗಲು

ತೋರಣಗಲ್ಲು, ಶಕ್ತಿನಗರ, ಹಟ್ಟಿಯಂಥ ಊರುಗಳ ಮನೆಗಳಲ್ಲಿ ಪಾಳಿಯೇ ಗಡಿಯಾರ. ಸಿ ಶಿಫ್ಟ್ ಅಂದರೆ ರಾತ್ರಿ ಪಾಳಿ. ಆ ಪಾಳಿಯವರ ಗೆರೆ ಕಚೇರಿಯವರ ಗೆರೆಗಿಂತ ಬೇರೆ. ಅವರು ಅದನ್ನು ಎಳೆಯಬೇಕಿರುವುದು ಮನೆಯವರ ಜೊತೆ, ನೆರೆಯವರ ಜೊತೆ.

ಬೆಳಿಗ್ಗೆ ಏಳಕ್ಕೆ ಮನೆಗೆ ಬಂದವರನ್ನು ಎಲ್ಲರೂ "ಹೆಂಗೂ ಮನೆಯಲ್ಲೇ ಇದಾನಲ್ಲ" ಅಂದುಕೊಳ್ಳುತ್ತಾರೆ. ಗ್ಯಾಸ್ ಸಿಲಿಂಡರ್ ತರಬೇಕು, ಬ್ಯಾಂಕಿಗೆ ಹೋಗಬೇಕು, ಮಗುವನ್ನು ಶಾಲೆಗೆ ಬಿಡಬೇಕು. ನಿದ್ದೆ ಹನ್ನೊಂದಕ್ಕೆ ಶುರುವಾಗಿ, ತಗಡಿನ ಮಾಡು ಕಾದು, ಕರೆಂಟು ಹೋಗಿ, ಒಂದಕ್ಕೆ ಮುಗಿಯುತ್ತದೆ. ಮೈಯ ಒಳಗಿನ ಗಡಿಯಾರ ಬೆಳಕಿಗೆ ಹೊಂದಿಕೊಂಡಿದೆ. ಹಾಗಾಗಿ ಹಗಲಿನ ನಿದ್ದೆ ಮೊದಲೇ ಚಿಕ್ಕದು, ಹಗುರ. ಅದನ್ನೂ ಕತ್ತರಿಸಿದರೆ ಎರಡೇ ವಾರದಲ್ಲಿ ಮನುಷ್ಯ ಸಿಡುಕನಾಗುತ್ತಾನೆ. ದೊಡ್ಡ ಯಂತ್ರದ ಮುಂದೆ ನಿಲ್ಲುವವರಿಗೆ, ಬೈಕಿನಲ್ಲಿ ಹೆದ್ದಾರಿ ಹಿಡಿಯುವವರಿಗೆ ಅದು ಪ್ರಾಣಕ್ಕೇ ಅಪಾಯ.

ಇಲ್ಲಿ ಗೆರೆ ಅಂದರೆ ಒಂದು ಕೋಣೆ ಮತ್ತು ಒಂದು ಹೊತ್ತು. ಮನೆಯಲ್ಲಿ ತಂಪಾದ, ಕತ್ತಲಾದ ಮೂಲೆ ಯಾವುದೋ ಅದು ಆ ಹೊತ್ತಿಗೆ ಮಲಗುವವರದು. ಪಾಳಿಯ ಕೊನೆಯ ಗಂಟೆಗಳಲ್ಲಿ ಚಹಾ ಬೇಡ. ಬಿಸಿಲಿಗೆ ಕಣ್ಣು ಒಡ್ಡದೆ, ಟೋಪಿಯೋ ಕಪ್ಪು ಕನ್ನಡಕವೋ ಹಾಕಿಕೊಂಡು ಬಂದು, ಸ್ವಲ್ಪ ತಿಂದು ಮಲಗಿಬಿಡುವುದು. ಮನೆ ಕೆಲಸ ಎದ್ದ ಮೇಲೆ. ಇಂಥ ವಾರ ನೈಟ್ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಗೋಡೆಗೆ ತೂಗುಹಾಕಿದರೆ ಮಕ್ಕಳೂ ಬಾಗಿಲು ಬಡಿಯಲ್ಲ. ಮದುವೆ, ಗೃಹಪ್ರವೇಶಕ್ಕೆ ಹೋಗದಿದ್ದರೆ ಬೇಜಾರಾಗುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಹೆಂಡತಿಯೋ ತಮ್ಮನೋ ಹೋಗಿ ಬಂದರೆ ಸಾಕು. ಇದನ್ನು ಮನೆಯ ಹಿರಿಯರೇ ನೆಂಟರಿಗೆ ಹೇಳಬೇಕು. ಮಲಗಬೇಕಾದವರೇ ಹೇಳುವಂತೆ ಮಾಡಬಾರದು.

ಪೀಸಿಗೆ ಇಷ್ಟು ಅಂತ ದುಡಿಯುವವರು

ಎಲ್ಲಕ್ಕಿಂತ ಕಷ್ಟದ ಗೆರೆ ಇವರದು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪ್ಯಾಂಟಿಗೆ ಇಷ್ಟು, ಜೇಬಿಗೆ ಇಷ್ಟು ಅಂತ ಲೆಕ್ಕ. ಮನೆಯಲ್ಲಿ ಕೂತು ದಾರ ಕತ್ತರಿಸುವ ಹೆಣ್ಣುಮಕ್ಕಳಿಗೂ ಹಾಗೇ. ಇವರನ್ನು ರಾತ್ರಿ ಹನ್ನೊಂದರವರೆಗೆ ಕೂರಿಸುವುದು ಮೇಸ್ತ್ರಿಯೊಬ್ಬನೇ ಅಲ್ಲ. ಇನ್ನೂ ಹತ್ತು ಪೀಸ್ ಮಾಡಿದರೆ ಮಗನ ಫೀಸಿಗೆ ಆಯ್ತು ಅನ್ನುವ ಲೆಕ್ಕ, ಇವತ್ತು ಬಿಟ್ಟರೆ ನಾಳೆ ಆರ್ಡರ್ ಬೇರೆಯವರ ಕೈಗೆ ಹೋಗುತ್ತದೆ ಅನ್ನುವ ಭಯವೂ ಕೂರಿಸುತ್ತವೆ. ಇವರಿಗೆ "ನಿಮ್ಮನ್ನು ನೀವು ಪ್ರೀತಿಸಿಕೊಳ್ಳಿ" ಅಂತ ಉಪದೇಶ ಮಾಡುವುದು ತಪ್ಪು.

ಆದರೂ ಒಂದು ಲೆಕ್ಕ ಇದೆ. ರಾತ್ರಿ ಹತ್ತರ ಮೇಲೆ ಹೊಲಿದ ಹಿಂದಿನ ಜೇಬನ್ನು ಹಗಲು ಬೆಳಕಿನಲ್ಲಿ ನೋಡಿ. ಒಂದು ಮೂಲೆ ಎರಡು ನೂಲಿನಷ್ಟು ಕೆಳಗಿಳಿದಿರುತ್ತದೆ. ಡಬಲ್ ಹೊಲಿಗೆಯ ಎರಡು ಸಾಲು ಕೊನೆಗೆ ಬರುವಾಗ ಒಂದನ್ನೊಂದು ಹತ್ತಿರುತ್ತವೆ. ಅದು ವಾಪಸು ಬರುತ್ತದೆ. ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಬೇಕು, ದಾರದ ತುಣುಕು ಒಂದೊಂದಾಗಿ ಕೀಳಬೇಕು, ಮತ್ತೆ ಹೊಲಿಯಬೇಕು. ಅದಕ್ಕೆ ಬೇರೆ ಕೂಲಿ ಇಲ್ಲ. ಒಂದು ವಾರ ಕೊನೆಯ ಎರಡು ಗಂಟೆಯಲ್ಲಿ ಎಷ್ಟು ಪೀಸ್ ಆಯ್ತು, ಅದರಲ್ಲಿ ಎಷ್ಟು ವಾಪಸು ಬಂತು ಅಂತ ಬರೆದಿಟ್ಟು ನೋಡಿ. ಆ ಎರಡು ಗಂಟೆಯ ನಿಜವಾದ ಸಂಪಾದನೆ ಅಂದುಕೊಂಡಷ್ಟು ಇರದೇ ಹೋದರೆ, ಗೆರೆ ಎಳೆಯಲು ಅದೇ ಜಾಗ.

ಒಬ್ಬರೇ ಎದ್ದು ಹೋದರೆ ಕೆಲಸ ಹೋಗುವ ಭಯ. ಹತ್ತು ಜನ ಸೇರಿ "ಒಂಬತ್ತಕ್ಕೆ ಮಷಿನ್ ನಿಲ್ಲಿಸ್ತೀವಿ, ಬೆಳಿಗ್ಗೆ ಬೇಗ ಬರ್ತೀವಿ" ಅಂದರೆ ಮಾತಿಗೆ ತೂಕ ಬರುತ್ತದೆ. ಕಾನೂನಿನ ಬೆಂಬಲವೂ ಸ್ವಲ್ಪ ಇದೆ. 1948ರ ಕಾರ್ಖಾನೆ ಕಾಯ್ದೆಯಿಂದ ಇತ್ತೀಚಿನ ಕಾರ್ಮಿಕ ಸಂಹಿತೆಗಳವರೆಗೆ ವಾರಕ್ಕೆ 48 ಗಂಟೆಯ ಮಿತಿ ಹಾಗೇ ಉಳಿದಿದೆ. ಅದಕ್ಕೂ ಮೀರಿ ದುಡಿಸಿದರೆ ದುಪ್ಪಟ್ಟು ಕೂಲಿ, ವಾರಕ್ಕೊಂದು ರಜೆ ಅನ್ನುವುದೂ ಇದೆ. ಅಂಗಡಿ, ಹೋಟೆಲ್ ಕೆಲಸದವರಿಗೆ 1961ರ ಕರ್ನಾಟಕದ ಕಾಯ್ದೆಯಲ್ಲೂ ವಾರದ ರಜೆ ಇದೆ. ಸಣ್ಣ ಘಟಕಗಳಿಗೆ, ಮನೆಗೆ ಕೆಲಸ ಒಯ್ಯುವವರಿಗೆ ಈ ರಕ್ಷಣೆ ಪೂರ್ತಿ ತಲುಪಿಲ್ಲ ಅನ್ನುವುದು ದೊಡ್ಡ ಕೊರತೆ. ಹಾಜರಿ ಪುಸ್ತಕ ಇರುವ ಕಡೆ ದುಡಿಯುವವರು ತಮ್ಮ ಗಂಟೆಗಳನ್ನು ತಾವೇ ಒಂದು ಡೈರಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗಬೇಕಾಗಿ ಬಂದರೆ ಆ ಡೈರಿ ಉಪಯೋಗಕ್ಕೆ ಬರುತ್ತದೆ.

ಹೆಣ್ಣುಮಕ್ಕಳ ಎರಡನೇ ಪಾಳಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನಮ್ಮ ಊರುಗಳಲ್ಲಿ ಎಷ್ಟೋ ಕಡೆ ನಲ್ಲಿ ನೀರು ದಿನಾ ಬರಲ್ಲ. ನೀರು ಬಿಡುವ ದಿನ ಬೆಳಗಿನ ಜಾವಕ್ಕೆ ಏಳುವುದು ಅವಳೇ. ಅವಳಿಗೂ ಒಂಬತ್ತಕ್ಕೆ ಡ್ಯೂಟಿ ಇರುತ್ತದೆ. ಕಚೇರಿಯಲ್ಲಿ ಎಂಥ ಗೆರೆ ಎಳೆದರೂ ಮನೆಯಲ್ಲಿ ಕೊಡ ಹೊರುವವರು ಬದಲಾಗದಿದ್ದರೆ ಅವಳ ದಣಿವು ಇಳಿಯಲ್ಲ. ನೀರಿನ ದಿನ ಗಂಡ ಏಳಲಿ. ಇದನ್ನು ಸಹಾಯ ಅಂತ ಕರೆಯಬೇಕಾಗಿಲ್ಲ, ಅದು ಅವನ ಪಾಲಿನ ಕೆಲಸ.

ಗೆರೆ ಎಳೆದ ಮೊದಲ ವಾರಗಳು

ಯಾರಿಗೂ ಇದು ಮೊದಲ ದಿನವೇ ಇಷ್ಟವಾಗಲ್ಲ. "ಏನ್ರಿ, ಈಗ ದೊಡ್ಡ ಮನುಷ್ಯರಾಗಿಬಿಟ್ರಿ" ಅನ್ನುತ್ತಾರೆ. ನಿಮಗೂ ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ರಾತ್ರಿ ಎರಡು ಮೂರು ಸಲ ಫೋನು ನೋಡಲು ಕೈ ಹೋಗುತ್ತದೆ. ಅದು ಸಹಜ. ಈ ಹೊತ್ತಿನಲ್ಲಿ ಒಂದು ಸಲ ಎತ್ತಿ, ಒಂದು ಸಲ ಬಿಟ್ಟರೆ ಮಾತ್ರ ಕೆಡುತ್ತದೆ. ಹತ್ತು ಸಲ ಕೇಳಿದರೆ ಹನ್ನೊಂದನೇ ಸಲ ಮಾಡ್ತಾರೆ ಅಂತ ಜನ ಕಲಿತುಬಿಡುತ್ತಾರೆ. ಅದಕ್ಕೇ ಒಂದೇ ಗೆರೆಯಿಂದ ಶುರುಮಾಡಿ, ಉಳಿಸಿಕೊಳ್ಳಲು ಆಗುವಷ್ಟು ಚಿಕ್ಕದರಿಂದ. ಮಧ್ಯಾಹ್ನದ ಊಟವನ್ನು ಫೈಲು ಬದಿಗಿಟ್ಟು ಮಾಡುವುದು ಕೂಡ ಒಂದು ಗೆರೆಯೇ.

ಕೆಲಸ ಕೊಡುವವರಲ್ಲಿ ಒಂದು ಬಿನ್ನಹ. ರಾತ್ರಿ ನೆನಪಾದದ್ದನ್ನು ರಾತ್ರಿಯೇ ಬರೆದಿಟ್ಟುಕೊಳ್ಳಿ, ಬೆಳಿಗ್ಗೆ ಕಳಿಸಿ. "ಈಗ ಮಾಡಬೇಕಾಗಿಲ್ಲ" ಅಂತ ನೀವು ಬರೆದರೂ ಕೈಕೆಳಗಿನವರು ಎದ್ದು ಕೂರುತ್ತಾರೆ. ನಿಮ್ಮ ಹೆಸರು ಪರದೆಯ ಮೇಲೆ ಬಂದರೇ ಸಾಕು.

ಗೆರೆಯಿಂದಲೂ ಇಳಿಯದಿದ್ದರೆ

ಎಲ್ಲ ಸುಸ್ತೂ ಕೆಲಸದಿಂದಲೇ ಬಂದದ್ದಲ್ಲ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಕೂಡ ಹೀಗೇ ಮೈ ಎಳೆಯುತ್ತವೆ. ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಬರ್ನ್‌ಔಟ್‌ಗೂ ಖಿನ್ನತೆಗೂ ವ್ಯತ್ಯಾಸ ಇದೆ. ಬರ್ನ್‌ಔಟ್ ಸಾಮಾನ್ಯವಾಗಿ ಕೆಲಸದ ಸುತ್ತ ಇರುತ್ತದೆ, ಖಿನ್ನತೆ ಎಲ್ಲದರ ಮೇಲೂ ಹರಡುತ್ತದೆ. ಮಗುವಿನ ಮುಖ ನೋಡಿದರೂ ಖುಷಿಯಾಗದೆ, ಇಷ್ಟದ ಊಟವೂ ಬೇಡವಾಗಿ, ನಿದ್ದೆ ಕೆಟ್ಟು, ಎರಡು ವಾರ ದಾಟಿದರೆ ಕಾಯಬಾರದು. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಬಂದರೂ ಅವತ್ತೇ ಯಾರಿಗಾದರೂ ಹೇಳಬೇಕು.

ಇದಕ್ಕೆ ಬೆಂಗಳೂರಿಗೆ ಹೋಗಬೇಕು ಅಂದುಕೊಳ್ಳುವವರಿಗೆ ನಮ್ಮದೇ ನೆಲದ ಒಂದು ವಿಷಯ ಹೇಳಬೇಕು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿತು. ಮನಸ್ಸಿನ ತೊಂದರೆಗೆ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಸಿಗುವ ಹಾಗೆ ಅಲ್ಲಿನ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟಿತು. ಅದು 'ಬಳ್ಳಾರಿ ಮಾದರಿ' ಅಂತ ಹೆಸರಾಗಿ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಜಿಲ್ಲೆ ನಮ್ಮದು. ಇಲ್ಲಿನವರು ಮನೋವೈದ್ಯರ ಹತ್ತಿರ ಹೋಗಲು ನಾಚಿಕೊಳ್ಳುವ ಕಾರಣವೇ ಇಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಕೇಳಿ. ಹೋಗಲು ಹಿಂಜರಿಕೆಯಾದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಹತ್ತಿರ ಹೋಗುವಾಗ ನಿದ್ದೆ ಎಷ್ಟು ಹೊತ್ತು ಬರುತ್ತಿದೆ, ಯಾವ ತಿಂಗಳಿಂದ ಹೀಗಾಗಿದೆ, ವಾರಕ್ಕೆ ಎಷ್ಟು ಗಂಟೆ ದುಡಿಯುತ್ತಿದ್ದೀರಿ, ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅನ್ನುವುದನ್ನು ಬರೆದುಕೊಂಡು ಹೋಗಿ. ಕೂತಾಗ ಇವೆಲ್ಲ ನೆನಪಾಗಲ್ಲ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ, ನೀವು ಹೇಳಲು ಮರೆತದ್ದನ್ನು ಅವರು ಹೇಳುತ್ತಾರೆ.